ಕಂಪ್ಯೂಟರಿಗೆ ಆಯಾ ಕೆಲಸ ಹಚ್ಚಬೇಡಿ

ಸ್ಕೂಲು ಬಿಟ್ಟ ಮಕ್ಕಳನ್ನು ಅವರ ಅಪ್ಪ-ಅಮ್ಮ ಆಫೀಸಿನಿಂದ ಬರುವವರೆಗೆ ನಿಮ್ಮ ಮನೆಯಲ್ಲಿ ನೋಡಿಕೊಳ್ಳುತ್ತಿದ್ದೀರಿ. ಮೂರೂವರೆಗೆ ಮೊದಲ ವ್ಯಾನು ಬರುತ್ತದೆ, ಆರೂವರೆಗೆ ಕೊನೆಯ ಸ್ಕೂಟರ್ ಹೊರಡುತ್ತದೆ. ನಡುವಿನ ಮೂರು ಗಂಟೆ ಎಂಟು-ಹತ್ತು ಮಕ್ಕಳು ನಿಮ್ಮ ಮಡಿಲಲ್ಲಿ. ಈಗ ತಾಯಂದಿರು ಒಬ್ಬೊಬ್ಬರಾಗಿ "ಆಂಟಿ, ಒಂದು ಕಂಪ್ಯೂಟರ್ ಇದ್ದಿದ್ದರೆ ಚೆನ್ನಾಗಿತ್ತು" ಅನ್ನತೊಡಗಿದ್ದಾರೆ, ನಿಮಗೂ ಮನಸ್ಸಾಗಿದೆ. ಸಂತೋಷ, ಇಡಿ. ಬೇಡ ಅನ್ನುವವಳು ನಾನಲ್ಲ. ಮೈಸೂರಿನ ನಮ್ಮ ಮನೆಯ ಹಾಲಿನಲ್ಲಿ ಹನ್ನೊಂದು ವರ್ಷ ಇದೇ ಕೆಲಸ ಮಾಡಿ, ಮಾಡಬಾರದ ತಪ್ಪನ್ನೆಲ್ಲ ಮಾಡಿ ಕಲಿತವಳು. ಆ ಸಲುಗೆಯಲ್ಲಿ ನಾಲ್ಕು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಯಾವ ಕಂಪನಿಯದು, ಎಷ್ಟು ಜಿಬಿ ಅಂತ ಅಂಗಡಿ ಅಂಗಡಿ ಸುತ್ತುವುದಕ್ಕೆ ಮುಂಚೆ ಅದನ್ನು ಎಲ್ಲಿಡುತ್ತೀರಿ ಹೇಳಿ. "ಹಿಂದಿನ ರೂಮು ಖಾಲಿ ಇದೆಯಲ್ಲ, ಗಲಾಟೆಯೂ ಇರಲ್ಲ" ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಹಿಂದಿನ ರೂಮಿನಲ್ಲಿ ಇಟ್ಟೆ. ಮಕ್ಕಳು ಸದ್ದಿಲ್ಲದೆ ಕೂತರು, ನಾನು ನೆಮ್ಮದಿಯಾಗಿ ಹುರುಳಿಕಾಯಿ ಹೆಚ್ಚಿಕೊಂಡೆ. ಎರಡು ವಾರ ಆಗಿರಬೇಕು, ಎರಡನೇ ಕ್ಲಾಸಿನ ಹುಡುಗಿಯ ತಾಯಿ ಬಂದು, "ಆಂಟಿ, ರಾತ್ರಿ ಚೀರಿಕೊಂಡು ಏಳುತ್ತಾಳೆ, ಬಚ್ಚಲಿಗೆ ಒಬ್ಬಳೇ ಹೋಗಲ್ಲ ಅಂತಾಳೆ" ಎಂದರು. ವಿಚಾರಿಸಿದರೆ ದೊಡ್ಡ ಹುಡುಗರಿಬ್ಬರು ದಿನಾ ದೆವ್ವದ ವಿಡಿಯೋ ಹಾಕಿಕೊಳ್ಳುತ್ತಿದ್ದರು, ಇವಳು ಹಿಂದೆ ನಿಂತು ನೋಡುತ್ತಿದ್ದಳು. ಆ ತಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಹುಡುಗರದ್ದೇನು ತಪ್ಪು ಬಿಡಿ, ಬಾಗಿಲ ಹಿಂದೆ ಕೂರಿಸಿದವಳು ನಾನು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಹಾಗೆ ಆವತ್ತು ರಾತ್ರಿಯೇ ಕಂಪ್ಯೂಟರನ್ನು ಹಾಲಿಗೆ ಹೊತ್ತು ತಂದೆವು.

ಆದ್ದರಿಂದ ಮೊದಲು ನೀವು ಸಾಯಂಕಾಲ ಎಲ್ಲಿ ಕೂರುತ್ತೀರಿ, ಎಲ್ಲಿ ಓಡಾಡುತ್ತೀರಿ ನೋಡಿಕೊಳ್ಳಿ. ತರಕಾರಿ ಹೆಚ್ಚುವ ಜಾಗದಿಂದ, ಒಲೆ ಮುಂದೆ ನಿಂತಾಗ ಅಡುಗೆಮನೆ ಬಾಗಿಲಿಂದ ಕತ್ತೆತ್ತಿದರೆ ಸ್ಕ್ರೀನು ಕಾಣಬೇಕು. ಮಕ್ಕಳ ಮುಖ ಕಂಡರೆ ಸಾಲದು, ಸ್ಕ್ರೀನೇ ಕಾಣಬೇಕು. ಮಕ್ಕಳ ಬೆನ್ನು ನಿಮ್ಮ ಕಡೆ ಇರಲಿ. ಗೋಡೆಗೆ ಮೇಜು ಒತ್ತಿ ಹಾಕಿದರೆ ಇದು ತಾನಾಗಿ ಆಗುತ್ತದೆ, ವೈರುಗಳೂ ಗೋಡೆಯ ಕಡೆ ಉಳಿದು ಕಾಲಿಗೆ ಸಿಗುವುದಿಲ್ಲ. ಕಿಟಕಿ ಸ್ಕ್ರೀನಿನ ಎದುರಿಗೂ ಬೇಡ, ಹಿಂದೆಯೂ ಬೇಡ. ಎದುರಿಗಿದ್ದರೆ ಸ್ಕ್ರೀನಿನಲ್ಲಿ ಕಿಟಕಿಯೇ ಕಾಣುತ್ತದೆ, ಹಿಂದಿದ್ದರೆ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಪಕ್ಕಕ್ಕಿದ್ದರೆ ಸರಿ. ಪಡುವಣ ಕಿಟಕಿಯಾದರೆ ನಾಲ್ಕು ಗಂಟೆಯ ಬಿಸಿಲಿಗೆ ಒಂದು ಪರದೆ ಬೇಕೇ ಬೇಕು.

ಇನ್ನು ಕೂರುವುದು. ನಮ್ಮ ಮನೆಗಳ ಮೇಜು, ಕುರ್ಚಿ ಎಲ್ಲ ದೊಡ್ಡವರ ಅಳತೆಗೆ ಮಾಡಿದ್ದು. ಮೇಜಿನ ಎತ್ತರ ಸುಮಾರು 30 ಅಂಗುಲ. ಅದರ ಮುಂದೆ ಏಳು ವರ್ಷದ ಮಗು ಕೂತಿದ್ದನ್ನು ಸ್ವಲ್ಪ ಗಮನಿಸಿ ನೋಡಿ: ಭುಜ ಕಿವಿಗೆ ತಾಗುವಷ್ಟು ಮೇಲೆ, ಮೌಸ್ ಹಿಡಿದ ಕೈ ಗಾಳಿಯಲ್ಲಿ, ಕಾಲು ಜೋತಾಡುತ್ತಿರುತ್ತವೆ. ಹತ್ತು ನಿಮಿಷಕ್ಕೆ ಅದು ಒಂದು ಕಾಲು ಮಡಿಚಿ ಅದರ ಮೇಲೆ ಕೂರುತ್ತದೆ, ಇನ್ನೈದು ನಿಮಿಷಕ್ಕೆ ಮಂಡಿಯೂರುತ್ತದೆ. "ನೆಟ್ಟಗೆ ಕೂತ್ಕೋ" ಅಂತ ಗದರಬೇಡಿ, ಪಾಪ, ನೆಟ್ಟಗೆ ಕೂರುವುದಕ್ಕೆ ನೀವು ಅನುಕೂಲ ಮಾಡಿಕೊಟ್ಟಿಲ್ಲ. ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ ಮೊಣಕೈ ಮೇಜಿನ ಮಟ್ಟಕ್ಕೆ ಬರುವಂತೆ ಮಾಡಿ. ಬೆನ್ನಿನ ಹಿಂದೆ ಇನ್ನೊಂದು ದಿಂಬು. ಕಾಲಿಗೆ? ಅಟ್ಟದ ಮೇಲೆ ಊಟದ ಮಣೆಗಳಿರುತ್ತವಲ್ಲ, ಈಗ ಹಬ್ಬಕ್ಕೂ ಯಾರೂ ಕೆಳಗಿಳಿಸುವುದಿಲ್ಲ, ಅವನ್ನು ತೆಗೆಯಿರಿ. ಎರಡು ಮಣೆ ಒಂದರ ಮೇಲೊಂದಿಟ್ಟು ಹಗ್ಗದಲ್ಲಿ ಬಿಗಿದರೆ ಚಿಕ್ಕವರಿಗೆ ಪಾದ ಊರಲು ಸರಿಹೋಗುತ್ತದೆ, ದೊಡ್ಡವರು ಬಂದಾಗ ಪಕ್ಕಕ್ಕೆ ಸರಿಸಬಹುದು. ಊಟದ ಮಣೆಗೆ ಕಾಲಿಡುವುದು ಅಂತ ನಮ್ಮ ಅತ್ತೆ ಮೊದಲು ಮುಖ ಗಂಟಿಕ್ಕಿದ್ದರು. ಆಮೇಲೆ ಅವರೇ ಹೋಗಿ ಇನ್ನೊಂದು ಮಣೆ ತಂದುಕೊಟ್ಟರು.

ಸ್ಕ್ರೀನು ಮಗು ಕೈ ಚಾಚಿದಷ್ಟು ದೂರ ಇರಲಿ, ಅದರ ಮೇಲಿನ ಅಂಚು ಮಗುವಿನ ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ. ಲ್ಯಾಪ್‌ಟಾಪ್ ಆದರೆ ನಾಲ್ಕು ದಪ್ಪ ಪುಸ್ತಕದ ಮೇಲಿಟ್ಟು ಬೇರೆ ಕೀಬೋರ್ಡು, ಬೇರೆ ಮೌಸ್ ಸಿಕ್ಕಿಸಿ. ಎಡಗೈ ಮಕ್ಕಳಿದ್ದರೆ ಮೌಸನ್ನು ಎಡಕ್ಕೆ ಇಟ್ಟುಕೊಡಿ. ಬಲಗೈಗೆ ತಿದ್ದುವ ಸಾಹಸ ಬೇಡ, ಆ ಕಾಲ ಹೋಯಿತು.

ಕರೆಂಟಿನ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ. ಮೊಬೈಲ್ ಚಾರ್ಜರ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಎಲ್ಲ ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಇನ್ನೊಂದು ಬೋರ್ಡು ಎಳೆದು ಕಂಪ್ಯೂಟರಿಗೆ ಕೊಡುತ್ತೀರಲ್ಲ, ಅದನ್ನು ಇವತ್ತೇ ನಿಲ್ಲಿಸಿ. ಎಲೆಕ್ಟ್ರಿಷಿಯನ್ ಕರೆಸಿ ಗೋಡೆಯ ಮೇಲೆ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಬೇರೆ ಪಾಯಿಂಟ್ ಹಾಕಿಸಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪಗೆ, ಉದ್ದಕ್ಕೆ ಇರುವುದು ಅರ್ಥಿಂಗಿನ ಪಿನ್ನು. ಹಳೆಯ ಮನೆಗಳಲ್ಲಿ ಸಾಕೆಟ್ಟಿನಲ್ಲಿ ಅದಕ್ಕೆ ತೂತಿರುತ್ತದೆ, ಒಳಗೆ ತಂತಿಯೇ ಇರುವುದಿಲ್ಲ. ಸಿಪಿಯು ಡಬ್ಬ ಮುಟ್ಟಿದಾಗ ಬೆರಳು ಜುಮ್ಮೆಂದರೆ "ಸ್ವಲ್ಪ ಶಾಕ್ ಹೊಡೆಯುತ್ತೆ ಅಷ್ಟೇ" ಅಂತ ನಗಬೇಡಿ. ಅರ್ಥಿಂಗ್ ಸರಿಯಿಲ್ಲ ಅಂತ ಅದು ನಿಮಗೆ ಹೇಳುತ್ತಿದೆ. ನಮ್ಮ ಮನೆಗೆ ಬರುವುದು 230 ವೋಲ್ಟು, ಮಕ್ಕಳು ಬರಿಗಾಲಲ್ಲಿ, ಕೈ ತೊಳೆದ ಒದ್ದೆಯಲ್ಲೇ ಓಡಿ ಬರುತ್ತಾರೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ ಅಂದರೆ ಎಲೆಕ್ಟ್ರಿಷಿಯನ್‌ಗೆ ಅರ್ಥವಾಗುತ್ತದೆ. ಕರೆಂಟು ದಾರಿ ತಪ್ಪಿ ಮೈಗೆ ಹರಿಯತೊಡಗಿದರೆ ಕಣ್ಣು ಮಿಟುಕಿಸುವುದರೊಳಗೆ ಅದು ಕತ್ತರಿಸುತ್ತದೆ. ಒಂದು ಚಿಕ್ಕ ಯುಪಿಎಸ್ ಇದ್ದರೆ ಕರೆಂಟು ಹೋದಾಗ ಮಗು ಬರೆದ ಚಿತ್ರ ಉಳಿಸಿಕೊಂಡು ಆಫ್ ಮಾಡುವಷ್ಟು ಪುರುಸೊತ್ತು ಸಿಗುತ್ತದೆ. ಅದನ್ನು ಮಕ್ಕಳ ಕಾಲು ತಾಗುವ ಕಡೆ ಇಡಬೇಡಿ, ಅದರ ಕೆಂಪು ಗುಂಡಿ ಒತ್ತದೆ ಬಿಟ್ಟ ಮಗುವನ್ನು ನಾನು ಕಂಡಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಸಂಜೆ ಗುಡುಗು ಶುರುವಾದರೆ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ಗು ಕಿತ್ತಿಡಿ. ಇಂಟರ್‌ನೆಟ್ಟಿನ ರೂಟರ್ ಪ್ಲಗ್ಗನ್ನೂ.

ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ, ನನ್ನಪ್ಪನಿಗೂ ಇರಲಿ ಎಂಬಂತೆ ಯಾರದೋ ಆಫೀಸಿನ ಹಳೆಯ ಕಂಪ್ಯೂಟರುಗಳನ್ನೆಲ್ಲ ತಂದು ಗುಡ್ಡೆ ಹಾಕಿಕೊಳ್ಳಬೇಡಿ. ಹಳೆಯದು ತಪ್ಪಲ್ಲ, ಮಕ್ಕಳಿಗೆ ಅದೇ ಸಾಕು. ಆದರೆ ಒಂದು ಮಾತು ಕೇಳಿ ತನ್ನಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದಿರುವ ಮೆಷಿನ್ನಿಗೆ ಹೊಸ ವಿಂಡೋಸ್ ಹತ್ತುವುದಿಲ್ಲ ಎಂದಾದರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸಿ, ದುಡ್ಡು ಕೊಡಬೇಕಿಲ್ಲ. ಹಳೆಯವರ ಫೋಟೋ, ಪಾಸ್‌ವರ್ಡು, ಲೆಕ್ಕಪತ್ರ ಒಂದೂ ಉಳಿಯದಂತೆ ಪೂರ್ತಿ ಅಳಿಸಿಯೇ ಒಳಗೆ ತನ್ನಿ. ಹತ್ತು ಮಕ್ಕಳಿಗೆ ಎರಡು ಮೆಷಿನ್ ಧಾರಾಳ. ಹತ್ತು ಮಕ್ಕಳಿಗೆ ಹತ್ತು ಇಟ್ಟಿರೋ, ಅದು ಮನೆಯಾಗಿ ಉಳಿಯದೆ ಸೈಬರ್ ಕೆಫೆಯಾಗುತ್ತದೆ.

ಅದೇಕೆ ಹಾಗಂತೀನಿ ಅಂದರೆ, ಇಬ್ಬರು ಮಕ್ಕಳು ಒಂದು ಸ್ಕ್ರೀನಿನ ಮುಂದೆ ಕೂತಾಗಲೇ ಮಾತು ಹುಟ್ಟುವುದು. "ಅಲ್ಲಲ್ಲ, ಆ ಬಣ್ಣ ಬೇಡ", "ನೀನು ಕೂಡಿಸು, ನಾನು ಒತ್ತುತ್ತೀನಿ". ಒಬ್ಬರ ಕೈಯಲ್ಲಿ ಮೌಸ್, ಇನ್ನೊಬ್ಬರ ಕೈ ಮಡಿಲಲ್ಲಿ, ಹತ್ತು ನಿಮಿಷಕ್ಕೆ ಅದಲು ಬದಲು. ಇಪ್ಪತ್ತು ನಿಮಿಷಕ್ಕೆ ಜೋಡಿಯೇ ಏಳಬೇಕು. ಹೊತ್ತು ಅಳೆಯಲು ನಾನು ಮೊದಲು ಕುಕ್ಕರಿನ ಸೀಟಿ ಲೆಕ್ಕ ಇಟ್ಟಿದ್ದೆ, ಮೂರು ಸೀಟಿಗೆ ಸರದಿ ಬದಲು. ನಾಲ್ಕನೇ ಕ್ಲಾಸಿನ ಒಬ್ಬಳು ಎದ್ದು ನಿಂತು, "ಆಂಟಿ, ಮೂರನೇದು ಸೀಟಿ ಅಲ್ಲ, ಬರೀ ಉಸ್ಸಂತು" ಎಂದು ವಾದಕ್ಕಿಳಿದಳು. ಅಷ್ಟರಲ್ಲಿ ಬೇಳೆ ಕರಗಿ ನೀರಾಗಿತ್ತು. ನೂರಿನ್ನೂರು ರೂಪಾಯಿಯ ಅಲಾರಂ ಗಡಿಯಾರ ತಂದಿಡಿ, ಗಡಿಯಾರದ ಜೊತೆ ಯಾರೂ ವಾದ ಮಾಡುವುದಿಲ್ಲ.

ಗೋಡೆಗೆ ಒಂದು ಸ್ಲೇಟು ತೂಗುಹಾಕಿ ಹೆಸರು ಬರೆಯಿರಿ. ಇವತ್ತು ಮೊದಲಿದ್ದವರು ನಾಳೆ ಕೊನೆಗೆ. ದೊಡ್ಡ ಹುಡುಗರು "ನಿನಗೆ ಬರಲ್ಲ, ಕೊಡಿಲ್ಲಿ" ಅಂತ ಚಿಕ್ಕವರ, ಅದರಲ್ಲೂ ಹೆಣ್ಣುಮಕ್ಕಳ ಕೈಯಿಂದ ಮೌಸ್ ಕಿತ್ತುಕೊಳ್ಳುತ್ತಾರೆ. ಚಿಕ್ಕವರು ಬಿಟ್ಟೂ ಕೊಡುತ್ತಾರೆ, ನೀವು ನೋಡದಿದ್ದರೆ ದಿನಾ ಬಿಟ್ಟುಕೊಡುತ್ತಲೇ ಇರುತ್ತಾರೆ. ಕಲಿಸುವವರು ಬಾಯಲ್ಲಿ ಹೇಳಬೇಕು, ಕೈ ಹಾಕಬಾರದು. ಇದು ನಿಮಗೂ ಅನ್ವಯ, ನೀವೂ ಅವಸರಕ್ಕೆ ಮಗುವಿನ ಕೈ ಮೇಲೆ ಕೈಯಿಟ್ಟು ಕ್ಲಿಕ್ ಮಾಡುತ್ತೀರಿ.

ಇನ್ನೊಂದು ಕೆಟ್ಟ ಅಭ್ಯಾಸ, "ಹೋಂವರ್ಕ್ ಬೇಗ ಮುಗಿಸಿದವರಿಗೆ ಕಂಪ್ಯೂಟರ್" ಅನ್ನುವುದು. ಒಂದು ವಾರ ಹೇಳಿ ನೋಡಿ, ಕಾಪಿ ಪುಸ್ತಕದ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗುತ್ತದೆ. ತಪ್ಪು ಮಾಡಿದರೆ "ಇವತ್ತು ನಿನಗೆ ಕಂಪ್ಯೂಟರ್ ಇಲ್ಲ" ಅನ್ನುವುದೂ ಬೇಡ, ಜಾಣರಾದರೆ ಹೆಚ್ಚು ಹೊತ್ತು ಕೊಡುವುದೂ ಬೇಡ. ಬಹುಮಾನವಾಗಿ ಕೊಟ್ಟ ವಸ್ತು ಮಕ್ಕಳ ಕಣ್ಣಿಗೆ ಇದ್ದುದಕ್ಕಿಂತ ಎರಡು ಪಟ್ಟು ಸಿಹಿಯಾಗಿ ಕಾಣುತ್ತದೆ. ಸರದಿ ಬಂದಾಗ ಕೂತರು, ಮುಗಿದಾಗ ಎದ್ದರು, ಅಷ್ಟೇ ಇರಲಿ.

ಎಷ್ಟು ಹೊತ್ತು ಅಂತ ಕೇಳುತ್ತೀರಿ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಹೇಳುವ ಲೆಕ್ಕ ಹೀಗಿದೆ: ಎರಡು ವರ್ಷದೊಳಗಿನ ಕೂಸಿಗೆ ಸ್ಕ್ರೀನೇ ಬೇಡ, ಎರಡರಿಂದ ಐದರವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಐದರಿಂದ ಹತ್ತರವರಿಗೆ 2 ಗಂಟೆಯೊಳಗೆ. ಆ ಎರಡು ಗಂಟೆಯಲ್ಲಿ ಮನೆಯ ಟೀವಿ, ಅಪ್ಪನ ಮೊಬೈಲು, ಅಜ್ಜಿಯ ಸೀರಿಯಲ್ಲು ಎಲ್ಲ ಸೇರಿತು. ನಿಮ್ಮ ಪಾಲಿಗೆ ಉಳಿಯುವುದು ಇಪ್ಪತ್ತು ನಿಮಿಷ, ಹೆಚ್ಚೆಂದರೆ ನಲವತ್ತು. ಮಗು ಬಂದ ತಕ್ಷಣ ಕಂಪ್ಯೂಟರಿನ ಮುಂದೆ ಕೂರಿಸಬೇಡಿ. ಕೈಕಾಲು ತೊಳೆದು, ಅವಲಕ್ಕಿಯೋ ಉಪ್ಪಿಟ್ಟೋ ತಿಂದು, ಬಯಲಿಗೆ ಹೋಗಲಿ. ಹಗಲ ಬೆಳಕಿನಲ್ಲಿ ಆಡುವ ಮಕ್ಕಳಿಗೆ ದೂರದ್ದು ಕಾಣದ ದೃಷ್ಟಿದೋಷ ಕಡಿಮೆ ಅಂತ ಕಣ್ಣಿನ ಡಾಕ್ಟರುಗಳೇ ಹೇಳುತ್ತಾರೆ. ಆ ಬೆಳಕು ಐದೂಮುಕ್ಕಾಲರ ಹೊತ್ತಿಗೆ ಇಳಿಯುತ್ತದೆ, ಕಂಪ್ಯೂಟರ್ ಎಲ್ಲಿಗೂ ಓಡುವುದಿಲ್ಲ. ಸ್ಕ್ರೀನಿನ ಮುಂದೆ ಕೂತವರು ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡ್ ನೋಡಬೇಕು ಎಂಬ ಪದ್ಧತಿಯಿದೆ. ನಮ್ಮಲ್ಲಿ ಸರದಿ ಮುಗಿದವರು ಕಿಟಕಿಗೆ ಹೋಗಿ ಎದುರುಮನೆಯ ತೆಂಗಿನ ಮರದಲ್ಲಿ ಕಾಯಿ ಎಷ್ಟಿವೆ ಎಣಿಸಿ ಬಂದು ಹೇಳಬೇಕಿತ್ತು. ಎದುರುಮನೆಯವರು ಕಾಯಿ ಕೀಳಿಸಿದ ದಿನ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದುದು ನಮಗೆ.

ಮಳೆ ಬಂದ ದಿನ? ಆವತ್ತೂ ಇಪ್ಪತ್ತೇ ನಿಮಿಷ. ಚೌಕಾಬಾರ ಇದೆ, ಅಳಗುಳಿಮಣೆ ಇದೆ, ಕಥೆ ಪುಸ್ತಕ ಇದೆ. ಮಳೆಯ ದಿನ ಒಮ್ಮೆ ಸಡಿಲ ಬಿಟ್ಟರೆ ಆ ಮಕ್ಕಳು ಮೋಡ ಕಂಡರೆ ಸಾಕು, ಕಂಪ್ಯೂಟರಿನ ಕಡೆ ತಿರುಗುತ್ತಾರೆ.

ತಿಂಡಿ ಕಂಪ್ಯೂಟರಿನ ಮೇಜಿಗೆ ಬರಕೂಡದು. ಚುರುಮುರಿ ತಿಂದ ಕೈಯಲ್ಲಿ ಕೀಬೋರ್ಡು ಒತ್ತಿದರೆ ಎಣ್ಣೆ, ಖಾರ ಎಲ್ಲ ಗುಂಡಿಗಳ ಸಂದಿಗೆ. ಒಮ್ಮೆ ನಮ್ಮ ಕೀಬೋರ್ಡಿನ ಸ್ಪೇಸ್‌ಬಾರ್ ಒತ್ತಿದರೆ ಕೆಳಗಿನಿಂದ ಇರುವೆ ಸಾಲು ಹೊರಟಿತು. ಯಾವುದೋ ಮರಿ ಬಾದಾಮಿ ಹಾಲು ಚೆಲ್ಲಿ, ಹೇಳದೆ ಒರೆಸಿಟ್ಟಿತ್ತು. ಸಿಟ್ಟು ಮಾಡುವುದಿಲ್ಲ ಅಂತ ಮೊದಲೇ ಹೇಳಿಡಿ, ಆಗ ಚೆಲ್ಲಿದ ಕೂಡಲೇ ಬಂದು ಹೇಳುತ್ತಾರೆ. ಹೆಡ್‌ಫೋನ್ ಆದಷ್ಟು ಬೇಡ. ಒಬ್ಬರದ್ದು ಒಬ್ಬರು ಹಾಕಿಕೊಂಡರೆ ಹೇನೂ ಹಂಚಿಕೆಯಾಗುತ್ತದೆ, ಮೇಲಾಗಿ ಒಳಗೆ ಏನು ಕೇಳಿಸುತ್ತಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಸಣ್ಣ ಸ್ಪೀಕರಿನಲ್ಲಿ ಸಣ್ಣ ದನಿಯಲ್ಲಿ ಕೇಳಲಿ.

ಒಳಗೆ ಏನು ಹಾಕುವುದು ಅಂದರೆ, ಬಣ್ಣ ಹಚ್ಚಲು ಟಕ್ಸ್‌ಪೇಂಟ್, ಚಿಕ್ಕವರ ಆಟ-ಪಾಠಕ್ಕೆ ಜಿಕಾಂಪ್ರಿ, ಎಂಟು ದಾಟಿದವರಿಗೆ ಸ್ಕ್ರ್ಯಾಚ್. ಅಮೆರಿಕದ ಎಂಐಟಿಯವರು 2007ರಲ್ಲಿ ಬಿಟ್ಟ ಈ ಸ್ಕ್ರ್ಯಾಚಿನಲ್ಲಿ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸೇರಿಸಿ ಒಂದು ಬೆಕ್ಕನ್ನು ಕುಣಿಸಬಹುದು, ಮಗು ಆಟವಾಡುವ ಬದಲು ತಾನೇ ಆಟ ಕಟ್ಟುತ್ತದೆ. ಮೂರೂ ಉಚಿತ, ಮೂರಕ್ಕೂ ಇಂಟರ್‌ನೆಟ್ ಸದಾ ಬೇಕಿಲ್ಲ. ಓದುವವರಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ, ಕನ್ನಡದ ಚಿತ್ರಕಥೆಗಳು ಬೇಕಾದಷ್ಟು ಸಿಗುತ್ತವೆ. ಇಷ್ಟು ಸಾಕು. ಕಂಡದ್ದನ್ನೆಲ್ಲ ಡೌನ್‌ಲೋಡ್ ಮಾಡಿ ತುಂಬಬೇಡಿ.

ಕನ್ನಡ ಟೈಪಿಂಗ್ ಮಾತ್ರ ಮರೆಯದೆ ಹಾಕಿಸಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ದಾರಿ, ಮಕ್ಕಳಿಗೆ ಅದು ಒಂದೇ ವಾರದಲ್ಲಿ ಕೈಹತ್ತುತ್ತದೆ. ಮೊದಲ ದಿನ "ಅಕ್ಕ" ಬರೆಸಿ. ಎ ಒತ್ತಿದರೆ ಅ, ಕೆ ಒತ್ತಿದರೆ ಕ. ಈಗ ಎಫ್ ಒತ್ತಿದರೆ ಆ ಕ ತಲೆಕಟ್ಟು ಕಳಚಿ ಕ್ ಆಗುತ್ತದೆ. ಮತ್ತೊಮ್ಮೆ ಕೆ ಒತ್ತಿ, ಹೊಸ ಕ ಸರಕ್ಕನೆ ಹಳೆಯದರ ಕಾಲಡಿಗೆ ಒತ್ತಾಗಿ ಕೂರುತ್ತದೆ. ಇಂಗ್ಲಿಷ್ ಮೀಡಿಯಂ ಹುಡುಗನೊಬ್ಬ, ಒತ್ತಕ್ಷರ ಅಂದರೆ ಹೊಟ್ಟೆನೋವು ಅನ್ನುತ್ತಿದ್ದವನು, ಇದನ್ನು ನೋಡಿ ಸತತ ಮೂರು ದಿನ ಅಜ್ಜ, ತಮ್ಮ, ಬೆಲ್ಲ, ಹಕ್ಕಿ, ಕತ್ತೆ ಎಂದು ಒತ್ತು ಇರುವ ಪದಗಳನ್ನೇ ಹುಡುಕಿ ಹುಡುಕಿ ಬರೆದ. ಮನೆಗೆ ಹೋಗಿ ಅಜ್ಜಿಯನ್ನು ಇನ್ನಷ್ಟು ಕೇಳಿಕೊಂಡು ಬಂದ.

ಇಂಟರ್‌ನೆಟ್ಟಿನ ಮಾತು ಚುಟುಕಾಗಿ ಹೇಳಿಬಿಡುತ್ತೇನೆ, ಇದರಲ್ಲಿ ರಿಯಾಯಿತಿ ಇಲ್ಲ. ಮಕ್ಕಳಿಗೆ ಬೇರೆ ಯೂಸರ್ ಅಕೌಂಟ್ ಮಾಡಿ, ಅಡ್ಮಿನ್ ಪಾಸ್‌ವರ್ಡು ನಿಮ್ಮ ತಲೆಯಲ್ಲಿರಲಿ, ಕೀಬೋರ್ಡಿನ ಅಡಿ ಚೀಟಿಯಲ್ಲಿ ಬೇಡ. ರೂಟರಿನಲ್ಲಿ ಡಿಎನ್‌ಎಸ್ ಅನ್ನುವ ಜಾಗದಲ್ಲಿ 1.1.1.3 ಹಾಕಿಸಿದರೆ ಕ್ಲೌಡ್‌ಫ್ಲೇರಿನವರ ಜರಡಿ ಅಶ್ಲೀಲ ತಾಣಗಳನ್ನು ತಡೆಯುತ್ತದೆ, ಕೇಬಲ್ ಹುಡುಗನಿಗೆ ಐದು ನಿಮಿಷದ ಕೆಲಸ. ಹಾಗಂತ ಜರಡಿ ನಂಬಿ ಬೆನ್ನು ತಿರುಗಿಸಬೇಡಿ, ಜರಡಿಯಲ್ಲಿ ತೂತು ಇದ್ದೇ ಇರುತ್ತದೆ. ಮಕ್ಕಳ ಹೆಸರಿನಲ್ಲಿ ಎಲ್ಲೂ ಖಾತೆ ತೆರೆಯಬೇಡಿ. ಹದಿನೆಂಟರೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಹೇಳಿದೆ. ಮತ್ತೆ ನೀವು, ಹೌದು ನಿಮಗೇ ಹೇಳುತ್ತಿರುವುದು, ಮಕ್ಕಳು ಕಂಪ್ಯೂಟರಿನ ಮುಂದೆ ಮುದ್ದಾಗಿ ಕೂತಿದ್ದಾರೆ ಅಂತ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುತ್ತೀರಲ್ಲ, ಅದಕ್ಕೆ ಅವರ ಅಪ್ಪ-ಅಮ್ಮನನ್ನು ಕೇಳಿದ್ದೀರಾ? ಸ್ಕೂಲಿನ ಯೂನಿಫಾರಂ, ಬ್ಯಾಡ್ಜು, ಹಿಂದೆ ನಿಮ್ಮ ಮನೆಯ ಬೋರ್ಡು, ಎಲ್ಲ ಕಾಣುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಬೇಡದ್ದೇನಾದರೂ ಸ್ಕ್ರೀನಿನಲ್ಲಿ ಬಂದರೆ ಮಾನಿಟರಿನ ಗುಂಡಿ ಒತ್ತಿ ಆರಿಸಿ ನಿಮ್ಮನ್ನು ಕರೆಯಬೇಕು ಅಂತ ಮಕ್ಕಳಿಗೆ ಕಲಿಸಿ. ಒಂದೆರಡು ಸಲ ಆಟದ ಹಾಗೆ ಮಾಡಿಸಿ ಅಭ್ಯಾಸ ಮಾಡಿಸಿ. ಕರೆದಾಗ "ಯಾಕೆ ಒತ್ತಿದೆ?" ಎಂಬುದು ನಿಮ್ಮ ಮೊದಲ ಮಾತಾಗದಿರಲಿ, ಎರಡನೇ ಸಲ ಅವರು ಕರೆಯುವುದಿಲ್ಲ. ಯಾರಾದರೂ ಅಪರಿಚಿತರು ಮಗುವನ್ನು ಮಾತಿಗೆಳೆದಿದ್ದು ಗೊತ್ತಾದರೆ ಅದೇ ದಿನ ತಂದೆತಾಯಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ಮೇಜಿನ ಪಕ್ಕದ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ.

ಇನ್ನು ದಿನದ ನಿಗಾ. ವಾರಕ್ಕೊಮ್ಮೆ ಪ್ಲಗ್ಗು ಕಿತ್ತು, ಕೀಬೋರ್ಡನ್ನು ಬೋರಲು ಹಾಕಿ ಮೆಲ್ಲಗೆ ತಟ್ಟಿ, ಒಣ ಬ್ರಷ್ಷಿನಿಂದ ಗುಡಿಸಿ. ಸಿಪಿಯು ಹಿಂದಿನ ಫ್ಯಾನಿನ ಜಾಲರಿಯಲ್ಲಿ ಧೂಳು ಕಟ್ಟಿದರೆ ಮೆಷಿನ್ನಿಗೆ ಉಸಿರುಗಟ್ಟುತ್ತದೆ. ಆಯುಧಪೂಜೆಯ ದಿನ ಹೂವು ಮುಡಿಸಿ, ಬೇಡ ಅನ್ನಲಾರೆ, ಆದರೆ ಕಲಸಿದ ಅರಿಶಿನ-ಕುಂಕುಮವನ್ನು ಆ ಜಾಲರಿಗೇ ಬಳಿಯುತ್ತೀರಲ್ಲ, ಡಬ್ಬದ ನೆತ್ತಿಗೆ ಒಂದು ಚುಕ್ಕೆ ಇಟ್ಟರೆ ಸಾಲದೇ? ನಿಂಬೆಹಣ್ಣು ಕೀಬೋರ್ಡಿನ ಮೇಲಂತೂ ಬೇಡ.

ಆರು ಗಂಟೆ ಹೊಡೆದಾಗ ಶಟ್‌ಡೌನ್. ಸ್ವಿಚ್ಚು ಆರಿಸುವ ಕೆಲಸ ದಿನಕ್ಕೊಬ್ಬ ಮಗುವಿಗೆ ಕೊಡಿ, ಸರಿಯಾಗಿ ಮುಚ್ಚಿ ಆಮೇಲೆ ಆರಿಸುವುದನ್ನು ನೀವು ಪಕ್ಕ ನಿಂತು ನೋಡಿ. ಮೆಷಿನ್ನು ತಣ್ಣಗಾದ ಮೇಲೆ ಹಳೆಯ ಹತ್ತಿ ಸೀರೆಯ ತುಂಡು ಹೊದಿಸಿ, ಪ್ಲಾಸ್ಟಿಕ್ ಕವರ್ ಮಳೆಗಾಲದಲ್ಲಿ ಒಳಗೆ ಬೆವರುತ್ತದೆ. ಸ್ಲೇಟಿನಲ್ಲಿ ನಾಳಿನ ಸರದಿ ಬರೆದಿಡಿ. ಆಮೇಲಿನ ಅರ್ಧ ಗಂಟೆ ಮಕ್ಕಳು ಶೂ ಹುಡುಕಲಿ, ವಾಟರ್ ಬಾಟಲ್ ಹುಡುಕಲಿ. ಅಮ್ಮ ಬಾಗಿಲಿಗೆ ಬಂದಾಗ ಮಗು ಸ್ಕ್ರೀನಿಗೆ ಕಣ್ಣು ನೆಟ್ಟು "ಇರಮ್ಮಾ, ಒಂದ್ನಿಮಿಷ" ಅನ್ನುವ ಸ್ಥಿತಿಯಲ್ಲಿ ಇರಬಾರದು. ಅವರೂ ಇಡೀ ದಿನ ಕಂಪ್ಯೂಟರಿನ ಮುಂದೆ ಕೂತು ಬಂದಿರುತ್ತಾರೆ.